ಅಮ್ಮನ ಹೊಲಿಗೆ ಮಷೀನ್ ಮತ್ತೆ ಓಡಿತು

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೊಲಿಗೆ ಮಷೀನ್ ರಿಪೇರಿ ಮಾಡುವ ಪುಟ್ಟ ಅಂಗಡಿಯೊಂದಿದೆ. ಅಮ್ಮನ ಕಾಲದ, ಕಾಲಲ್ಲಿ ತುಳಿಯುವ ಮಷೀನನ್ನು ಅಲ್ಲಿ ಕೊಟ್ಟಿದ್ದೆ. ಹಳೆ ಸೀರೆಯಲ್ಲಿ ಚೀಲ ಹೊಲಿಯಲು ಕೂತರೆ ಅಡಿಯಲ್ಲಿ ದಾರ ಗಂಟುಗಂಟಾಗುತ್ತಿತ್ತು. "ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂತ ಬೇರೆ ಕಡೆ ಹೇಳಿದ್ದರು.

ಇಲ್ಲಿನ ಯಜಮಾನರು ಸೂಜಿಯ ಕೆಳಗಿನ ತಗಡು ಬಿಚ್ಚಿದರು. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಮಧ್ಯೆ ನೂಲಿನ ಜುಂಗು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದನ್ನು ಚಿಮಟದಲ್ಲಿ ಕಿತ್ತು, ಎಣ್ಣೆ ಬಿಟ್ಟು, ಅಡಿಯ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿದರು. ಹೊಲಿಗೆ ಎರಡೂ ಬದಿ ಒಂದೇ ಸಮ! "ವಾರಕ್ಕೊಮ್ಮೆ ಬ್ರಷ್ ಆಡಿಸಿ ಅಕ್ಕ" ಅಂದರು. ಬದಲಾಯಿಸಿದ್ದು ಚರ್ಮದ ಬೆಲ್ಟ್ ಒಂದೇ. ಸುಮ್ನೆ ಬೇಡದ್ದನ್ನು ತಲೆಗೆ ಕಟ್ಟಲಿಲ್ಲ. ಎರಡು ದಿನ ಅಂದವರು ಐದು ದಿನ ಮಾಡಿದರು, ಅದೊಂದು ಬೇಜಾರು.

ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತು. ಆದರೂ ಸೊಪ್ಪು ಇನ್ನೂ ಕವರಲ್ಲೇ ಕೈಗೆ ಬರುತ್ತದೆ, ಅಲ್ವಾ? ನೋಡಿದಾಗೆಲ್ಲ ಸಂಕಟವಾಗುತ್ತದೆ. ಕಳೆದ ಭಾನುವಾರ ಏಳು ಚೀಲ ಹೊಲಿದೆ. ಒಂದಕ್ಕೆ ಮಗಳು ಅಜ್ಜಿಯ ಸೀರೆ ಸೆರಗಿನದೇ ಜೇಬು ಮಾಡಿಸಿಕೊಂಡಳು. ಸೋಮವಾರ ಊಟದ ಡಬ್ಬಿ ಅದರಲ್ಲೇ ಹೋಯಿತು.