ಡೆಲ್ಲಿ ಕನಕಾಂಬರದ ಸಸಿ ತರುವ ಮುಂಚೆ ಬೇರು ನೋಡಿ

ಮಳೆಗಾಲ ಹಿಡಿಯುತ್ತಿದ್ದಂತೆ ನರ್ಸರಿಗಳ ಮುಂದೆ ಕನಕಾಂಬರದ ಸಸಿಗಳು ಕಪ್ಪು ಕವರುಗಳಲ್ಲಿ ಸಾಲಾಗಿ ಕೂತಿರುತ್ತವೆ. ಒಂದೊಂದರ ತುದಿಯಲ್ಲೂ ಹಸಿರು ತೆನೆ, ತೆನೆಯ ಬುಡದಲ್ಲಿ ಎರಡೋ ಮೂರೋ ಕಿತ್ತಳೆ ಹೂ. ಕೊಳ್ಳಬೇಡಿ ಅನ್ನುವುದಿಲ್ಲ. ಆದರೆ ಕವರಿನೊಳಗಿನ ಬೇರಿನಲ್ಲಿ ಬೇರುಗಂಟು ಹುಳದ ಗಂಟು ಇದೆಯೇ ಎಂದು ನೋಡದೆ ಒಂದು ಸಸಿಯನ್ನೂ ಮನೆಗೆ ತರಬೇಡಿ. ನಮ್ಮ ಹಿತ್ತಿಲಿಗೆ ಹಾಗೆ ಬಂದ ಸಸಿಗಳು ತಾವು ಸತ್ತಿದ್ದಲ್ಲದೆ ಬದನೆ, ಕರ್ಣಕುಂಡಲ, ಸುಗಂಧರಾಜಗಳನ್ನೂ ಹಾಳುಮಾಡಿ ಹೋದವು. ಆ ಮಣ್ಣನ್ನು ಸರಿಮಾಡುವ ಕೆಲಸ ಇನ್ನೂ ಮುಗಿದಿಲ್ಲ.

ನಮ್ಮದು ಮೈಸೂರಿನ ಅಂಚಿನ ಬಡಾವಣೆಯ ಮನೆ. ಹಿಂದೆ ಸಣ್ಣ ಹಿತ್ತಿಲು, ಕೆಂಪು ಮಣ್ಣು. ಅಲ್ಲಿ ನಾಟಿ ಕನಕಾಂಬರ ಮೊದಲಿಂದಲೂ ಇತ್ತು. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟೆಂದು ಸಿಡಿದು, ಬೀಜ ಬಿದ್ದಲ್ಲೆಲ್ಲ ತಾನಾಗಿ ಹುಟ್ಟುವ ಜಾತಿ. ಹೂ ಸಣ್ಣದು, ಬಣ್ಣ ತೆಳು. ಅತ್ತೆಗೆ ಬೇಕಿದ್ದದ್ದು ಡೆಲ್ಲಿ ಕನಕಾಂಬರ: ದೊಡ್ಡ ಎಸಳು, ಕಡು ಕಿತ್ತಳೆ, ಮಲ್ಲಿಗೆ ಮರುಗದ ಜೊತೆ ಕಟ್ಟಿದರೆ ಎದ್ದು ಕಾಣುವಂಥದ್ದು. ಕನಕಾಂಬರದ ಬೆಲೆ ಗೊತ್ತಲ್ಲ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಕೆಜಿಗೆ ಸಾವಿರ ದಾಟುತ್ತದೆ. ಒಂದು ಕೆಜಿಗೆ ಸುಮಾರು 15,000 ಹೂ ಬೇಕು ಅನ್ನುವುದನ್ನು ನೆನೆದರೆ, ಅಷ್ಟನ್ನು ಒಂದೊಂದಾಗಿ ಬಿಡಿಸಿದ ಕೈಗಳಿಗೆ ಆ ಬೆಲೆ ಹೆಚ್ಚೇನಲ್ಲ ಬಿಡಿ. ಆದರೂ ಮನೆಯಲ್ಲೇ ಇದ್ದರೆ ದಿನಾ ಒಂದು ಮೊಳ ಮುಡಿಯಬಹುದಲ್ಲ ಎನ್ನುವುದು ಎಲ್ಲರ ಲೆಕ್ಕ.

ಈ ಡೆಲ್ಲಿ ತಳಿಯಲ್ಲಿ ಒಂದು ವಿಷಯವಿದೆ, ಇಡೀ ಕತೆ ಅದರ ಮೇಲೇ ನಿಂತಿದೆ. ಇದು ಟ್ರಿಪ್ಲಾಯ್ಡ್ ಗಿಡ (ಜೀವಕೋಶದಲ್ಲಿ ಎರಡರ ಬದಲು ಮೂರು ಕಂತೆ ವರ್ಣತಂತು ಇರುವಂಥದ್ದು), ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಹಾಗಾಗಿ ನಮ್ಮಂಥವರ ಕೈಗೆ ಅದು ಬರುವುದು ಬೇರು ಬಿಟ್ಟ ಸಸಿಯಾಗಿ, ಬೇರಿನ ಸುತ್ತ ಎಲ್ಲಿಯದೋ ಮಣ್ಣನ್ನು ಹೊತ್ತುಕೊಂಡು.

ರಿಂಗ್ ರೋಡಿನ ಕಡೆಯ ಒಂದು ನರ್ಸರಿಯಿಂದ ಒಂದು ಪಾತಿಗಾಗುವಷ್ಟು ಸಸಿ ಬಂತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ನೆಟ್ಟದ್ದು ಒಂದೂ ಸಾಯದೆ ಹಿಡಿದುಕೊಂಡಿತು. ಗೌರಿ ಹಬ್ಬದ ಹೊತ್ತಿಗೆ ಮೊದಲ ತೆನೆಗಳು, ದಸರಾಕ್ಕೆ ಪಾತಿ ತುಂಬ ಬಣ್ಣ. ಕನಕಾಂಬರದ ತೆನೆ ಬುಡದಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ದಿನ ಬಿಟ್ಟು ದಿನ ಬೆಳಗ್ಗೆ ಬಿಡಿಸಿದರೆ ಬುಟ್ಟಿಯ ತಳ ಮುಚ್ಚುತ್ತಿತ್ತು. ಅತ್ತೆ ಬಾಳೆ ನಾರಿನಲ್ಲಿ ಕಟ್ಟಿ ಎದುರುಮನೆಗೂ ಒಂದು ತುಂಡು ಕಳಿಸುತ್ತಿದ್ದರು. ಆ ಕೆಲವು ತಿಂಗಳು ನಿಜಕ್ಕೂ ಚೆನ್ನಾಗಿದ್ದವು. ಈ ಪಿಡುಗಿನ ಮೋಸ ಇರುವುದೇ ಇಲ್ಲಿ. ಮೊದಲ ಹೂ ಚೆನ್ನಾಗಿ ಬರುತ್ತದೆ, ಅಷ್ಟರಲ್ಲಿ ಸಸಿ ಎಲ್ಲಿಂದ ತಂದದ್ದೆಂಬುದೇ ಮರೆತಿರುತ್ತದೆ.

ದೀಪಾವಳಿ ಕಳೆದ ಮೇಲೆ ಎಲೆ ಬಿಳಚತೊಡಗಿತು. ಹೊಸ ಎಲೆ ಸಣ್ಣ, ತೆನೆ ಗಿಡ್ಡ, ಹೂ ಬೆರಳೆಣಿಕೆಯಷ್ಟು. ನಡುಮಧ್ಯಾಹ್ನ ಗಿಡ ಜೋತುಬೀಳುತ್ತದೆ, ಸಂಜೆ ಮತ್ತೆ ನೆಟ್ಟಗಾಗುತ್ತದೆ, ಪಾತಿಯ ಮಣ್ಣು ಮಾತ್ರ ಹಸಿಯಾಗಿಯೇ ಇದೆ. ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಕಬ್ಬಿಣದ ಕೊರತೆ ಅಂದರು ಒಬ್ಬರು. ಹುಳಿ ಮಜ್ಜಿಗೆ ಹಾಕಿ ಅಂದರು ಇನ್ನೊಬ್ಬರು. ದೃಷ್ಟಿಯಾಗಿದೆ ಅಂತ ಒಬ್ಬ ಅಜ್ಜಿ ಒಣಮೆಣಸಿನಕಾಯಿ ನಿವಾಳಿಸಿಯೂ ಹೋದರು, ಪಾಪ. ಗೊಬ್ಬರ ಕೊಟ್ಟಾಗ ಹತ್ತು ದಿನ ಹಸಿರಾದಂತೆ ಕಾಣುತ್ತಿತ್ತು, ಆಮೇಲೆ ಮತ್ತದೇ ಕತೆ.

ಕೊನೆಗೆ ಪಾತಿಯ ಮಧ್ಯದ ಗಿಡಗಳು ಒಂದೊಂದಾಗಿ ಪೂರ್ತಿ ಸೊರಗಿದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಜೋಳದ ಕಾಳು ಪೋಣಿಸಿದ ಹಾಗೆ, ಕೆಲವು ಕಡೆ ಎರಡು ಮೂರು ಗಂಟು ಸೇರಿ ಉಂಡೆಯೇ ಆಗಿತ್ತು. ತೆಳ್ಳನೆಯ ಎಳೆಬೇರು ಇರಲೇ ಇಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೇರು ಒಯ್ದು ತೋರಿಸಿದಾಗ ಅವರು ನೋಡಿದ ಕೂಡಲೇ ಹೇಳಿದ್ದು: ಬೇರುಗಂಟು ಜಂತುಹುಳು. ನೆಮಟೋಡ್ ಅಂತಲೂ ಕರೆಯುತ್ತಾರೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಬರಿಗಣ್ಣಿಗೆ ಕಾಣದು. ಎಳೆಬೇರಿನ ತುದಿಯಲ್ಲಿ ಒಳಹೊಕ್ಕು ಅಲ್ಲೇ ನೆಲೆನಿಲ್ಲುತ್ತದೆ. ಅದು ಕೂತ ಕಡೆ ಬೇರು ಊದಿ ಗಂಟಾಗುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಒಂದು ತಲೆಮಾರು ಮುಗಿಯುವುದಕ್ಕೆ ಸುಮಾರು 25ರಿಂದ 30 ದಿನ ಸಾಕು. ಜೂನ್‌ನಲ್ಲಿ ಕವರಿನೊಳಗೆ ಸ್ವಲ್ಪವೇ ಇದ್ದದ್ದು ನವೆಂಬರಿಗೆ ಎಷ್ಟಾಗಿರಬೇಡ. ಗಂಟುಬಿದ್ದ ಬೇರು ನೀರನ್ನೂ ಗೊಬ್ಬರವನ್ನೂ ಸರಿಯಾಗಿ ಮೇಲೆ ಕಳಿಸುವುದಿಲ್ಲ, ಅದಕ್ಕೇ ಹಸಿ ಮಣ್ಣಿನಲ್ಲಿ ನಿಂತೂ ಗಿಡ ಬಾಡುವುದು. ಗಾಯವಾದ ಬೇರಿನೊಳಕ್ಕೆ ಸೊರಗು ರೋಗದ ಶಿಲೀಂಧ್ರವೂ ನುಗ್ಗಿದರೆ ಗಿಡ ಏಳುವುದೇ ಇಲ್ಲ. ಕನಕಾಂಬರ ಈ ಹುಳಕ್ಕೆ ಬಹಳ ಬೇಗ ಬಲಿಯಾಗುವ ಬೆಳೆ ಎಂದು ಹೂವಿನ ರೈತರಿಗೆಲ್ಲ ಗೊತ್ತಂತೆ. ಮನೆ ಮುಂದೆ ನಾಲ್ಕು ಗಿಡ ಬೆಳೆಸುವವರಿಗೆ ಯಾರೂ ಹೇಳುವುದಿಲ್ಲ, ಅಷ್ಟೆ.

ನಿಮ್ಮಲ್ಲೂ ಗಂಟು ಕಂಡರೆ ಒಂದು ಪರೀಕ್ಷೆ ಮಾಡಿ. ಅವರೆ, ಅಲಸಂದೆ, ನೆಲಗಡಲೆಯ ಬೇರಲ್ಲೂ ಗಂಟು ಇರುತ್ತವೆ, ಅವು ಒಳ್ಳೆಯವು, ಸಾರಜನಕ ಕಟ್ಟುವಂಥವು. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಲ್ಲಿ ಎಬ್ಬಿದರೆ ಕಳಚುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಜಂತುಹುಳದ ಗಂಟು ಹಾಗೆ ಕಳಚುವುದಿಲ್ಲ. ಬೇರೇ ಊದಿರುವುದರಿಂದ ಎಳೆದರೆ ಬೇರೇ ಹರಿದು ಬರುತ್ತದೆ.

ಇದು ಸಸಿಯ ಜೊತೆಗೇ ಬಂತೆಂದು ಹೇಗೆ ಹೇಳುತ್ತೀರಿ ಅಂತ ಕೇಳಬಹುದು. ನೆಡದೆ ಉಳಿದ ಎರಡು ಸಸಿಗಳು ಕಾಂಪೌಂಡ್ ಗೋಡೆಯ ಮೇಲೆ ಅದೇ ಕವರಿನಲ್ಲಿ, ಅದೇ ಮಣ್ಣಿನಲ್ಲಿ ಕೂತಿದ್ದವು, ಹಿತ್ತಿಲಿನ ನೆಲ ಅವಕ್ಕೆ ಸೋಕಿರಲಿಲ್ಲ. ಕವರು ಹರಿದು ನೋಡಿದರೆ ಅಲ್ಲೂ ಅದೇ ಗಂಟು. ಆ ಕವರು ಹಿಡಿದು ನರ್ಸರಿಗೆ ಹೋದದ್ದಾಯಿತು. "ಅಕ್ಕಾ, ನಮ್ಮಲ್ಲಿ ಯಾರೂ ಹಿಂಗೆ ಕಂಪ್ಲೇಂಟ್ ಹೇಳಿಲ್ಲ. ನೀರು ಜಾಸ್ತಿ ಆಗಿರ್ಬೇಕು" ಎಂದು ಶುರುಮಾಡಿ, ಬೇರು ತೋರಿಸಿದ ಮೇಲೆ, "ಅದು ಗಡ್ಡೆ ಅಕ್ಕಾ, ಗಿಡ ಸ್ಟ್ರಾಂಗ್ ಅಂತ ಅರ್ಥ" ಎಂದರು. ಸಸಿ ಎಲ್ಲಿಂದ ಬರುತ್ತದೆ ಅಂದರೆ "ಲೋಡ್ ಬರುತ್ತೆ". ಮಣ್ಣು ಎಲ್ಲಿಯದು ಅಂದರೆ ಉತ್ತರವಿಲ್ಲ. ಬಿಲ್ ಕೊಟ್ಟಿರಲಿಲ್ಲ. ಕೊನೆಗೆ ಒಂದು ಬಾಟಲಿ "ಬೂಸ್ಟರ್" ಮಾರಲು ನೋಡಿದರು, ಆ ಧೈರ್ಯವನ್ನು ಮೆಚ್ಚಬೇಕು. ಟೊಮೆಟೊ, ಬದನೆ ಬೆಳೆದ ಹೊಲದ ಮಣ್ಣನ್ನು ಹಾಗೇ ತಂದು ಕವರಿಗೆ ತುಂಬಿದರೆ, ಸತ್ತ ಸಸಿಯ ಕವರಿನ ಮಣ್ಣನ್ನು ಮತ್ತೊಂದಕ್ಕೆ ಸುರಿದರೆ ಹುಳ ಬಾರದೆ ಏನಾಗುತ್ತದೆ?

ಕನಕಾಂಬರ ಹೋದದ್ದು ಒಂದು ಲೆಕ್ಕವಲ್ಲ. ಬೇಸಿಗೆಯಲ್ಲಿ ಪಕ್ಕದ ಮಡಿಯ ಬದನೆ ಕುಳ್ಳಾಯಿತು, ಕಿತ್ತರೆ ಗಂಟು. ತಾನಾಗಿ ಹುಟ್ಟುತ್ತಿದ್ದ ಕರ್ಣಕುಂಡಲ ಗೇಣುದ್ದ ಆಗಿ ನಿಂತಿತು. ಸುಗಂಧರಾಜದ ಕದಿರು ಅರ್ಧಕ್ಕೇ ಒಣಗಿತು. ಈ ಜಾತಿಯ ಹುಳಗಳಿಗೆ 2,000ಕ್ಕೂ ಹೆಚ್ಚು ಬಗೆಯ ಗಿಡಗಳು ಆಹಾರ. ಬೆಂಡೆ, ಟೊಮೆಟೊ, ಕೋಳಿಜುಟ್ಟಿನ ಹೂ ಎಲ್ಲವೂ ಆ ಪಟ್ಟಿಯಲ್ಲಿವೆ. ಹುಳ ತಾನಾಗಿ ಹೆಚ್ಚು ದೂರ ತೆವಳುವುದಿಲ್ಲ. ನಾವೇ ಹೊತ್ತು ಹಾಕುತ್ತೇವೆ: ಸಲಿಕೆಗೆ ಅಂಟಿದ ಮಣ್ಣಿನಲ್ಲಿ, ಚಪ್ಪಲಿಯಲ್ಲಿ, ಪಾತಿಯಿಂದ ಪಾತಿಗೆ ಹರಿಯುವ ನೀರಿನಲ್ಲಿ, "ನಮ್ಮನೇದು ಒಂದು ಗಿಡ ತಗೊಳ್ಳಿ" ಅಂತ ಮಣ್ಣುಂಡೆ ಸಮೇತ ಕೊಡುವ ಪ್ರೀತಿಯಲ್ಲಿ. ಎದುರುಮನೆಗೆ ಹೋಗಿದ್ದ ಎರಡು ಗಿಡಗಳನ್ನು ವಾಪಸ್ ಕೇಳಿ ಕೀಳಿಸಿದ್ದು ನಮ್ಮತ್ತೆಗೆ ಬಹಳ ಮುಜುಗರದ ಕೆಲಸವಾಯಿತು.

ಔಷಧಿ ಅಂಗಡಿಯವನು ಹರಳಿನಂಥ ವಿಷವೊಂದನ್ನು ಕೊಡಲು ಬಂದ. ಬುಡಕ್ಕೆ ಒಂದು ಚಮಚ ಹಾಕಿ, ಮಣ್ಣು ಮುಚ್ಚಿ, ಮುಗೀತು ಅಂದ. ಹೊಲಕ್ಕೆಂದು ಮಾಡಿದ ಅಂಥ ಹರಳು ಹಕ್ಕಿ, ನಾಯಿ, ಮಕ್ಕಳು ಯಾರ ಬಾಯಿಗೆ ಹೋದರೂ ಅಪಾಯ. ಕರಿಬೇವು ಕೀಳುವ, ಮಗು ಆಡುವ, ಕಿತ್ತ ಹೂವನ್ನು ನೇರ ತಲೆಗೆ ಮುಡಿಯುವ ಹಿತ್ತಿಲಿಗೆ ಅದು ಬರಕೂಡದು. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹಾಗಾದರೆ ಏನು ಮಾಡಬಹುದು? ಪೂರ್ತಿ ತೊಲಗಿಸಲು ಆಗುವುದಿಲ್ಲ, ಹತೋಟಿಗೆ ತರಬಹುದು. ಗಂಟುಬಿದ್ದ ಗಿಡಗಳನ್ನು ಬೇರು ಮುರಿಯದಂತೆ ಅಗೆದು ಸುಡಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಅದೇ ಗೊಬ್ಬರದ ಜೊತೆ ಮತ್ತೆ ಪಾತಿಗೆ ಬರುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಪಾತಿಯನ್ನು ಅಗೆದು, ನೀರು ಕೊಟ್ಟು, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ಇದರಿಂದ ಮೇಲಿನ ಅರ್ಧ ಅಡಿ ಬೆಂದು ಶುದ್ಧವಾಗುತ್ತದೆ, ಆಳದಲ್ಲಿರುವ ಹುಳ ಉಳಿಯುತ್ತದೆ. ಆಮೇಲೆ ಚೆಂಡು ಹೂ. ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತಿದೆ, ಪಾತಿಯ ಮೂಲೆಗೆ ಎರಡು ಚೆಂಡು ಹೂವಿನ ಗಿಡ ಇಟ್ಟರೆ ಸಾಕು ಅಂತ. ಸಾಲದು. ಚೆಂಡು ಹೂವಿನ ಬೇರು ಇದ್ದಲ್ಲಿ ಮಾತ್ರ ಅದರ ಪರಿಣಾಮ. ಇಡೀ ಪಾತಿಗೆ ಒತ್ತಾಗಿ ಅದನ್ನೇ ನೆಟ್ಟು, ಒಂದು ಹಂಗಾಮು ಬೇರೇನೂ ಬೆಳೆಯದೆ, ಕೊನೆಗೆ ಮಣ್ಣಿಗೇ ಸೇರಿಸಬೇಕು. ನಮ್ಮ ಪಾತಿಯಲ್ಲಿ ಹಾಗೇ ಮಾಡಿದ್ದೇವೆ. ದಸರಾಕ್ಕೆ ಚೆಂಡು ಹೂವಂತೂ ರಾಶಿ ಬಂತು. ನಂತರ ಚದರ ಮೀಟರಿಗೆ ಕಾಲು ಕೆಜಿಯಷ್ಟು ಬೇವಿನ ಹಿಂಡಿ ಬೆರೆಸಿ, ಎರಡು ಮೂರು ವಾರ ಮಣ್ಣನ್ನು ಹಸಿಯಾಗಿಟ್ಟು ಆಮೇಲೆ ನೆಡುವುದು. ಬದನೆ ಕಳೆದ ಸಲಕ್ಕಿಂತ ವಾಸಿ, ಗಂಟು ಇನ್ನೂ ಅಲ್ಲಲ್ಲಿ ಇವೆ.

ತಾರಸಿಯ ಮೇಲೆ ಕುಂಡದಲ್ಲಿ ಬೆಳೆಸುವವರು ಒಂದು ರೀತಿಯಲ್ಲಿ ಪುಣ್ಯವಂತರು, ರೋಗ ಒಂದು ಕುಂಡಕ್ಕೇ ನಿಲ್ಲುತ್ತದೆ. ಆದರೆ ಆ ಮಣ್ಣನ್ನು ಸುರಿದು, ಕಲಸಿ, ಹತ್ತು ಕುಂಡಕ್ಕೆ ಹಂಚುವ ಅಭ್ಯಾಸವಿದ್ದರೆ ನೆಲದವರಿಗಿಂತ ಬೇಗ ಹರಡಿಸುತ್ತೀರಿ.

ನರ್ಸರಿಯಲ್ಲಿ ಏನು ನೋಡಬೇಕು? ಹೂ ನೋಡಬೇಡಿ, ಅದು ಬೇರೆ ಕಡೆ ಉಂಡ ಗೊಬ್ಬರದ ಹೂ. ಒಂದು ಸಸಿಗೆ ದುಡ್ಡು ಕೊಟ್ಟು ಅಲ್ಲೇ ಕವರು ಬಿಚ್ಚಿ. ಇಪ್ಪತ್ತು ಮೂವತ್ತು ರೂಪಾಯಿಯ ಸಸಿ, ಹೋದರೆ ಹೋಯಿತು. ಮಣ್ಣನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ಬಿಡಿಸಿ, ಬೇರನ್ನು ಬೆಳಕಿಗೆ ಹಿಡಿಯಿರಿ. ಬಿಳಿ, ನವಿರಾದ, ಕವಲೊಡೆದ ಬೇರಿದ್ದರೆ ಸರಿ. ಸಣ್ಣ ಸಾಸಿವೆಯಷ್ಟು ಉಬ್ಬು ಕಂಡರೂ ಆ ರಾಶಿಯನ್ನೇ ಬಿಟ್ಟು ಬನ್ನಿ. ಕವರು ಬಿಚ್ಚಲು ಬಿಡುವುದಿಲ್ಲ ಅನ್ನುವ ನರ್ಸರಿಯನ್ನೂ ಬಿಟ್ಟು ಬನ್ನಿ. ಎಳೆಯ ಸಸಿಯಲ್ಲಿ ಗಂಟು ಇನ್ನೂ ಕಾಣದಿರಬಹುದು, ಹಾಗಾಗಿ ತಂದದ್ದನ್ನು ನೇರ ಪಾತಿಗಿಳಿಸದೆ ಬೇರೆ ಕುಂಡದಲ್ಲಿ ಎರಡು ತಿಂಗಳು ಇಟ್ಟು ಒಂದನ್ನು ಕಿತ್ತು ನೋಡುವುದು ಕ್ಷೇಮ.

ಇದೆಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಬೇರುಗಂಟು ಹುಳ ಇರುವುದು ಬೇರು, ಮಣ್ಣಿನಲ್ಲಿ, ಕಾಂಡದ ತುದಿಯಲ್ಲಲ್ಲ. ಡೆಲ್ಲಿ ಕನಕಾಂಬರ ಯಾರ ಮನೆಯಲ್ಲಾದರೂ ಚೆನ್ನಾಗಿದ್ದರೆ ಗಿಡ ಕೇಳಬೇಡಿ, ಕಡ್ಡಿ ಕೇಳಿ. ನೆಲಕ್ಕೆ ತಾಗದ ರೆಂಬೆಯ ತುದಿಯಿಂದ ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ. ತೆನೆ ಚಿವುಟಿ, ಕೆಳಗಿನ ಎಲೆ ತೆಗೆದು, ತೊಳೆದ ಮರಳು ಅಥವಾ ಹೊಸ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಲೋಟದಲ್ಲಿ ನೆಟ್ಟು ನೆರಳಲ್ಲಿಡಿ, ಮೇಲೊಂದು ಪ್ಲಾಸ್ಟಿಕ್ ಕವರು ಮುಚ್ಚಿ ತೇವ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಹತ್ತು ಕಡ್ಡಿ ನೆಟ್ಟರೆ ಕೆಲವು ಕೊಳೆಯುತ್ತವೆ, ಹಾಗಾಗಿ ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚೇ ಕೇಳಿ ತನ್ನಿ.