ಅರ್ಧ ಪದಕದ ಇನ್ನರ್ಧ: ಫ್ಲಾರೆನ್ಸಿನ ಇನ್ನೊಚೆಂತಿ ವಸ್ತುಸಂಗ್ರಹಾಲಯ

ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಸಾಕಲು ಹುಟ್ಟಿದ, ಇಟಲಿಯ ಫ್ಲಾರೆನ್ಸಿನಲ್ಲಿರುವ ಇನ್ನೊಚೆಂತಿ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಅನೇಕರು ಅದರ ಕಟ್ಟಡಕ್ಕಾಗಿ ಹೋಗುತ್ತಾರೆ. 1419ರಲ್ಲಿ ಕಟ್ಟಲಾರಂಭಿಸಿದ, ವಾಸ್ತುಶಿಲ್ಪಿ ಬ್ರುನೆಲೆಸ್ಕಿಯ ಕಮಾನುಸಾಲು, ಅದರ ಮೇಲೆ ನೀಲಿ ಹಿನ್ನೆಲೆಯಲ್ಲಿ ಕೈ ಚಾಚಿ ನಿಂತ, ಬಟ್ಟೆ ಸುತ್ತಿದ ಕೂಸುಗಳ ಸುಡುಮಣ್ಣಿನ ಫಲಕಗಳು ನಿಜಕ್ಕೂ ಕಣ್ಣು ತುಂಬುವಂಥವು. ನಾನು ಮಾತ್ರ ಬೇರೊಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದೆ: ಆರು ಶತಮಾನಗಳ ಹತ್ತಿರಕ್ಕೆ ಬಂದಿರುವ ಶಿಶುಪಾಲನಾ ಸಂಸ್ಥೆಯೊಂದು ತನ್ನ ಉದ್ದೇಶವನ್ನು ಬಿಡದೆ ತನ್ನ ರೀತಿಯನ್ನು ಹೇಗೆ ಬಿಡುತ್ತದೆ?

ಆ ಪ್ರಶ್ನೆ ಇರುವವರು ಮೇಲಂತಸ್ತಿನ ಚಿತ್ರಶಾಲೆಗೆ ಮೊದಲು ಹೋಗಬಾರದು. ಅಲ್ಲಿ ಚಿತ್ರಕಾರ ಗಿರ್ಲಾಂಡಾಯೊನ ದೊಡ್ಡ ಚಿತ್ರವಿದೆ, ಮನಸ್ಸು ಅಲ್ಲೇ ನಿಂತುಬಿಡುತ್ತದೆ. ನೆಲಮಾಳಿಗೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಮಕ್ಕಳ ಕಥೆ ಇರುವುದು ಅಲ್ಲಿ. ರೇಷ್ಮೆ ವರ್ತಕರ ಸಂಘ ಕಟ್ಟಿಸಿದ ಈ ಮನೆಗೆ 1445ರ ಫೆಬ್ರವರಿ 5ರಂದು ಮೊದಲ ಮಗು ಬಂದಿತು. ಅದು ಹೆಣ್ಣುಮಗು, ಅಗಾತಾ ಸ್ಮೆರಾಲ್ಡಾ ಎಂದು ಹೆಸರಿಟ್ಟರು. ಆಮೇಲೆ ಬಂದ ಮಕ್ಕಳನ್ನೂ ಹೀಗೆಯೇ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದರು. ಈ ಬರೆದಿಡುವ ಶಿಸ್ತು ಸಂಸ್ಥೆಯ ಅತಿ ದೊಡ್ಡ ಆಸ್ತಿ ಎಂದು ನಾನು ತಿಳಿಯುತ್ತೇನೆ, ಏಕೆಂದರೆ ತಾನು ಉಳಿಸಿದ ಮಕ್ಕಳ ಜೊತೆಗೆ ಉಳಿಸಿಕೊಳ್ಳಲಾಗದೆ ಹೋದ ಮಕ್ಕಳ ಲೆಕ್ಕವನ್ನೂ ಅದು ತನ್ನ ಕೈಯಿಂದಲೇ ಕೊಟ್ಟಿದೆ. ಹಾಲುಗೂಸುಗಳನ್ನು ಹಳ್ಳಿಗಳ ದಾದಿಯರ ಮನೆಗೆ ಕಳಿಸುತ್ತಿದ್ದ ಆ ಕಾಲದಲ್ಲಿ ಬದುಕಿ ಉಳಿಯದ ಶಿಶುಗಳು ಬಹಳ.

ನಾನು ಹೆಚ್ಚು ಹೊತ್ತು ನಿಂತದ್ದು ಪುಟ್ಟ ಸೆಳೆಖಾನೆಗಳ ಮುಂದೆ. ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು. ತೆರೆದರೆ ಒಳಗೆ, ಆ ಮಗುವಿನ ಮೈಮೇಲೆ ಇಟ್ಟು ಕಳಿಸಿದ ಗುರುತು. ಒಂದು ಮಣಿ, ಒಂದು ಚೂರು ಬಟ್ಟೆ, ಕೆಲವದರಲ್ಲಿ ಸರಿಯಾಗಿ ಎರಡಾಗಿ ಕತ್ತರಿಸಿದ ಪದಕದ ಅರ್ಧ ಭಾಗ. ಇನ್ನರ್ಧ ಹೆತ್ತವರ ಬಳಿ ಇರುತ್ತಿತ್ತು. ಮುಂದೊಂದು ದಿನ ಬಂದು ಎರಡನ್ನೂ ಜೋಡಿಸಿ ತೋರಿಸಿ ಮಗುವನ್ನು ಕರೆದೊಯ್ಯುವ ಆಸೆ ಇಲ್ಲದಿದ್ದರೆ ಪದಕವನ್ನು ಯಾರೂ ಕತ್ತರಿಸುವುದಿಲ್ಲ. ಅಂದರೆ ಇವರೆಲ್ಲ ಮಗು ಬೇಡವಾಗಿ ಬಿಟ್ಟವರಲ್ಲ, ಸಾಕಲಾರದೆ ಬಿಟ್ಟವರು. ಬಡತನವೊಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು ಎಂದು ವಿಶ್ವಸಂಸ್ಥೆಯ ಪರ್ಯಾಯ ಪಾಲನೆಯ (ಹೆತ್ತವರಿಂದ ದೂರವಾದ ಮಕ್ಕಳ ಪಾಲನೆಯ) ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದ್ದು 2009ರಲ್ಲಿ. ಆ ಮಾತಿನ ಸಾಕ್ಷ್ಯ ಈ ಸೆಳೆಖಾನೆಗಳಲ್ಲಿ ಅದಕ್ಕೂ ಬಹಳ ಮೊದಲೇ ಕೂತಿತ್ತು.

ಇದೇ ಕಾರಣಕ್ಕೆ, ಸಂಸ್ಥೆಯ ಇಂದಿನ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಳ್ಳುವ ವಸತಿ. ಶಿಶುವಿಹಾರಗಳು ನಡೆಯುತ್ತಿವೆ, ಸಂಶೋಧನೆ ನಡೆಯುತ್ತಿದೆ, 1988ರಲ್ಲಿ ಸ್ಥಾಪನೆಯಾದ ಯುನಿಸೆಫ್‌ನ ಸಂಶೋಧನಾ ಕೇಂದ್ರಕ್ಕೂ ಇನ್ನೊಚೆಂತಿ ಎಂಬ ಹೆಸರು ಬಂದದ್ದು ಇಲ್ಲಿಂದಲೇ. ಅವೆಲ್ಲ ಬೆಳವಣಿಗೆ. ತಾಯಿಯನ್ನು ಹೊರಗೆ ನಿಲ್ಲಿಸಿ ಕೂಸನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತಿದ್ದ ಮನೆ ಈಗ ಇಬ್ಬರಿಗೂ ಬಾಗಿಲು ತೆರೆದಿರುವುದನ್ನು ಮಾತ್ರ ನಾನು ಬದಲಾವಣೆ ಎಂದು ಕರೆಯುತ್ತೇನೆ.

ಕಟ್ಟಡ ಉಳಿದದ್ದರಿಂದ ಹೀಗಾಯಿತು ಎನ್ನಲಾರೆ. ಥಾಮಸ್ ಕೋರಮ್ 1739ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಶಿಶುಗೃಹ ತನ್ನ ಹಳೆಯ ಕಟ್ಟಡವನ್ನು 1920ರ ದಶಕದಲ್ಲಿ ಬಿಟ್ಟುಕೊಟ್ಟಿತು; ಇಂದು ಅದು ದತ್ತು ಮತ್ತು ಮಕ್ಕಳ ಹಕ್ಕುಗಳ ಕೆಲಸದಲ್ಲಿ ತೊಡಗಿದೆ. ಗೋಡೆ ಉಳಿಸಿಕೊಂಡವರೂ ಬಿಟ್ಟವರೂ ಬದಲಾಗಿದ್ದಾರೆ.

ಈ ಮನೆಯ ದಯೆ ಕಳಂಕವಿಲ್ಲದ್ದು ಎಂದೂ ಹೇಳಲಾರೆ. ಇಲ್ಲಿನ ಮಕ್ಕಳಿಗೆ ಇನ್ನೊಚೆಂತಿ, ನೊಚೆಂತಿನಿ ಎಂಬಂಥ ಕುಲನಾಮಗಳು ಬಂದವು. ನಿರಪರಾಧಿ ಎಂಬ ಅರ್ಥದ ಆ ಹೆಸರೇ, ಇವರು ಬಿಟ್ಟುಹೋದ ಮಕ್ಕಳು ಎಂದು ಊರಿಗೆಲ್ಲ ಹೇಳುವ ಗುರುತಾಯಿತು. ಪ್ರೀತಿಯಿಂದ ಇಟ್ಟ ಹೆಸರೂ ಹೊರುವವರಿಗೆ ಭಾರವಾಗಬಹುದೆಂಬುದು ಮಕ್ಕಳ ನಡುವೆ ಕೆಲಸ ಮಾಡುವ ಎಲ್ಲರೂ ಇಲ್ಲಿ ನಿಂತು ಯೋಚಿಸಬೇಕಾದ ವಿಷಯ.

ಹೊರಡುವಾಗ ಕಮಾನುಸಾಲಿನ ಎಡತುದಿಗೆ ತಪ್ಪದೆ ಹೋಗಿ. ಶಿಶುಗಳನ್ನು ಗುಟ್ಟಾಗಿ ಒಳಗೆ ಬಿಡುತ್ತಿದ್ದ ಕಿಟಕಿ ಅಲ್ಲಿದೆ. 1875ರಲ್ಲಿ ಆ ಪದ್ಧತಿ ನಿಂತಿತು. ಕೆಳಗಿನ ಶಿಲಾಫಲಕ ಅದನ್ನು ಬಡತನದ ಮತ್ತು ತಪ್ಪುಗಳ ಗುಟ್ಟಿನ ಆಸರೆ ಎಂದು ಕರೆಯುತ್ತದೆ. ತಪ್ಪು ಎಂಬ ಆ ಪದ ಇಂದು ಚುಚ್ಚುತ್ತದೆ. ಆದರೂ ಫಲಕವನ್ನು ತೆಗೆದಿಲ್ಲ, ಪದವನ್ನು ಅಳಿಸಿಲ್ಲ. ಅದನ್ನು ಓದಿ ಮತ್ತೊಮ್ಮೆ ನೆಲಮಾಳಿಗೆಗೆ ಇಳಿದು ಆ ಅರ್ಧ ಪದಕಗಳನ್ನು ನೋಡಬೇಕೆನಿಸಿತು, ನೋಡಿ ಬಂದೆ.