ಹಳೆಯ ಪ್ಲೇಸ್ಟೇಷನ್ 2 ಸ್ಲಿಮ್: ನಾಲ್ಕು ಮಳೆಗಾಲ ದಾಟಿಸಿದ ಮೇಲೆ

ಮಂಗಳೂರಿನ ಬಂದರು ಪ್ರದೇಶದ ಗುಜರಿ ಅಂಗಡಿಯೊಂದರಲ್ಲಿ 2021ರ ಡಿಸೆಂಬರಿನಲ್ಲಿ 1,800 ರೂಪಾಯಿಗೆ ಕೊಂಡ, ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಪ್ಲೇಸ್ಟೇಷನ್ 2 ಸ್ಲಿಮ್ ಯಂತ್ರವನ್ನು ನಾಲ್ಕು ಮಳೆಗಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೋನಿ ಈ ತೆಳು ಮಾದರಿಯನ್ನು 2004ರಲ್ಲಿ ಬಿಡುಗಡೆ ಮಾಡಿತು. 2013ರ ಆರಂಭಕ್ಕೆ ಪ್ಲೇಸ್ಟೇಷನ್ 2ರ ತಯಾರಿಕೆಯೇ ನಿಂತಿತು. ಹಾಗಾಗಿ ಇಂದು ಕೈಗೆ ಸಿಗುವ ಯಂತ್ರಗಳೆಲ್ಲ ಯಾರದೋ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಬಂದವು. ನನ್ನದು ಗಲ್ಫಿನಿಂದ ಬಂದದ್ದೆಂಬುದಕ್ಕೆ ಅಡಾಪ್ಟರಿನ ವೈರಿಗಿದ್ದ ಚಪ್ಪಟೆ ಕಾಲುಗಳ ದಪ್ಪ ಪ್ಲಗ್ಗೇ ಸಾಕ್ಷಿ.

ಅಂಗಡಿಯವರು ಕೆಂಪು ದೀಪ ಹಸಿರಾದುದನ್ನು ತೋರಿಸಿ, "ಲೈಟ್ ಬರ್ತದೆ ಮಾರಾಯ್ರೆ, ಇನ್ನೆಂಥ ಬೇಕು?" ಎಂದಿದ್ದರು. ಇನ್ನೂ ಏನೇನು ಬೇಕಿತ್ತೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ತಳ ನೀಲಿಯಾಗಿರುವ ಸಿಡಿ ಆಟಗಳು ಓಡಿದವು, ಬೆಳ್ಳಿ ಬಣ್ಣದ ಡಿವಿಡಿ ಆಟಗಳು ಓಡಲಿಲ್ಲ. ಡಿಸ್ಕ್ ಓದುವ ಲೇಸರ್ ಸೊರಗಿದಾಗ ಒಂದು ಬಗೆಯ ಡಿಸ್ಕನ್ನು ಓದಿ ಇನ್ನೊಂದನ್ನು ಓದದಿರುವುದು ಈ ಯಂತ್ರದ ಮಾಮೂಲಿ ಲಕ್ಷಣ. ಬಹುಪಾಲು ಆಟಗಳು ಡಿವಿಡಿಯಲ್ಲೇ ಇರುವುದರಿಂದ ನನ್ನ ಪಾಲಿಗೆ ಅದು ಕೆಟ್ಟ ಯಂತ್ರವೇ ಆಗಿತ್ತು.

ತಿರುಪುಗಳನ್ನು ಬಿಚ್ಚಿ ಕವಚ ಎತ್ತಿದಾಗ ಫ್ಯಾನಿನ ಪಕ್ಕದಲ್ಲಿ ಹಲ್ಲಿಯ ಎರಡು ಒಣ ಮೊಟ್ಟೆಚಿಪ್ಪುಗಳಿದ್ದವು. ಲೇಸರ್ ಘಟಕ ಜಾರುವ ಸರಳಿನ ಮೇಲಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು; ಮಸೂರದ ಮೇಲೆ, ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥ ಮಸುಕು ಪೊರೆ ಕೂತಿತ್ತು. ಜೂನ್ ಬಂದರೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಮಸೂರವೊಂದು ಸ್ವಚ್ಛವಾಗಿರಬೇಕೆಂದು ಬಯಸುವುದೇ ಅತಿಯಾಸೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆತ್ತಗೆ ಒರೆಸಿ, ಹಳೆಯ ಗ್ರೀಸ್ ತೆಗೆದು ಹೊಸದನ್ನು ಸವರಿದ ಮೇಲೆ ಡಿವಿಡಿಗಳು ಓಡತೊಡಗಿದವು.

ಅದು ಏಳು ತಿಂಗಳ ಸುಖವಷ್ಟೇ. ಜುಲೈಯಲ್ಲಿ ಮತ್ತೆ ಕೆಟ್ಟಾಗ ರಿಪೇರಿಗೆ ಕೊಟ್ಟೆ. ಅಲ್ಲಿ ನನ್ನನ್ನು ಕೇಳದೆಯೇ ಲೇಸರಿನ ಶಕ್ತಿಯನ್ನು ಹೆಚ್ಚಿಸಿ, ಸರಿಯಾಯಿತೆಂದು ಕೊಟ್ಟರು; ದೀಪಾವಳಿಯ ಹೊತ್ತಿಗೆ ಲೇಸರ್ ಪೂರ್ತಿ ಸತ್ತಿತು. ಬಳಿಕ 900 ರೂಪಾಯಿಯ ಬದಲಿ ಘಟಕ ತರಿಸಿ ನಾನೇ ಕೂರಿಸಿದೆ. ಈ ಕೆಲಸದಲ್ಲಿ ಅವಸರ ಮಾಡಬಾರದ ಜಾಗವೊಂದಿದೆ: ಲೇಸರ್ ಘಟಕಕ್ಕೆ ಹೋಗುವ ಪಟ್ಟಿಯಂಥ ತೆಳು ಕೇಬಲ್ ಸ್ವಲ್ಪ ಮೇಲೆದ್ದರೂ ತಿರುಗುವ ಡಿಸ್ಕಿಗೆ ತಾಗಿ, ಅದರ ತಳದಲ್ಲಿ ಉಂಗುರದಂಥ ಗೀರು ಎಳೆಯುತ್ತದೆ. ಆದ್ದರಿಂದ ಕೊಳ್ಳಲು ಹೋಗುವಾಗ ಕಳೆದುಕೊಂಡರೂ ಚಿಂತೆಯಿಲ್ಲದ ಒಂದು ಸಿಡಿ, ಒಂದು ಡಿವಿಡಿ ಒಯ್ದು, ಹತ್ತು ನಿಮಿಷ ಓಡಿಸಿ, ತೆಗೆದು ತಿರುಗಿಸಿ ನೋಡುವುದು ಒಳ್ಳೆಯದು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಡಾಪ್ಟರಿನ ಬಗ್ಗೆಯೂ ಹೇಳಬೇಕು. ಸ್ಲಿಮ್‌ಗೆ ಬೇಕಾದದ್ದು 8.5 ವೋಲ್ಟ್, ಪಿನ್ ಹೊಂದುತ್ತದೆಂದು 12 ವೋಲ್ಟಿನದನ್ನು ಕೊಡುವವರಿದ್ದಾರೆ, ಹಿಂದಿನ ಚೀಟಿ ಓದದೆ ಚುಚ್ಚಬಾರದು. ಸ್ಲಿಮ್‌ನ ಕೊನೆಯ ಮಾದರಿಯಾದ 90000 ಸರಣಿಯ ಯಂತ್ರಗಳಲ್ಲಿ ವಿದ್ಯುತ್ ಘಟಕ ಒಳಗೇ ಇರುವುದರಿಂದ ಈ ತಾಪತ್ರಯವಿಲ್ಲ. ಈಗ ಕೊಳ್ಳುವುದಾದರೆ ನಾನು ಅದನ್ನೇ ಹುಡುಕುತ್ತೇನೆ. ಹಳದಿ ಪಿನ್ನಿನ ಕೇಬಲಿನಿಂದ ದೊಡ್ಡ ಎಲ್‌ಇಡಿ ಟಿವಿಗೆ ಜೋಡಿಸಿದರೆ ಚಿತ್ರ ಕಲಸಿದಂತೆ ಕಾಣುತ್ತದೆ. ಚಿತ್ರವನ್ನು ಮೂರು ತಂತಿಗಳಲ್ಲಿ ಬೇರೆಬೇರೆಯಾಗಿ ಒಯ್ಯುವ ಕಾಂಪೊನೆಂಟ್ ಕೇಬಲ್ ಹಾಕಿದ ಮೇಲೆ ಅಕ್ಷರಗಳು ಓದುವಂತಾದವು.

ನಾಲ್ಕು ವರ್ಷಗಳಲ್ಲಿ ಯಂತ್ರದ ಮದರ್‌ಬೋರ್ಡ್ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಕೆಟ್ಟದ್ದೆಲ್ಲ ಚಲಿಸುವ ಭಾಗಗಳು ಮತ್ತು ಮಸೂರ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಒಂದು ಗಂಟೆ ಓಡಿಸುತ್ತೇನೆ. ಐದರಲ್ಲಿ ಮೂರೂವರೆ ಅಂಕ ಕೊಡಬಲ್ಲೆ. ಕಳೆದ ಒಂದೂವರೆ ಅಂಕದಲ್ಲಿ ಒಂದು ಲೇಸರಿನದು, ಅರ್ಧ ಯಂತ್ರದೊಳಗಿನ ಗಡಿಯಾರಕ್ಕಿರುವ, ಈಗ ಸತ್ತಿರುವ ಬ್ಯಾಟರಿಯದು. ಪ್ಲಗ್ ಕಿತ್ತಾಗಲೆಲ್ಲ ಯಂತ್ರ ಇಂದಿಗೂ ನನ್ನಲ್ಲಿ ಭಾಷೆ, ಸಮಯ ಕೇಳುತ್ತದೆ. ಮುಂದಿನ ಬಾರಿ ಲೇಸರಿಗೆಂದು ಬಿಚ್ಚುವಾಗ ಅದನ್ನೂ ಬದಲಾಯಿಸಲು ನಾಣ್ಯದಂಥ ಸಿಆರ್2032 ಬ್ಯಾಟರಿಯೊಂದನ್ನು ತಂದಿಟ್ಟಿದ್ದೇನೆ.